ರಕ್ಕಸರ ಹೆಸರು ಹೊತ್ತ ನೆಲಗಳು

ಜಾತ್ರೆಗಳಲ್ಲಿ ದೇವರ ಪಟ, ವಿಭೂತಿ, ಬೆಂಡು-ಬತ್ತಾಸುಗಳ ಅಂಗಡಿಗಳ ನಡುವೆ ತೆಳ್ಳನೆಯ ಹೊತ್ತಗೆಗಳೂ ಮಾರಾಟಕ್ಕೆ ಇರುತ್ತವೆ. ‘ಸ್ಥಳಮಾಹಾತ್ಮ್ಯ’, ‘ಕ್ಷೇತ್ರಮಹಿಮೆ’ ಎಂಬ ಹೆಸರಿನ ಇವುಗಳಲ್ಲಿ ಎಷ್ಟೋ ಪುಸ್ತಕಗಳು ಒಬ್ಬ ರಾಕ್ಷಸನ ಕಥೆಯಿಂದಲೇ ಮೊದಲಾಗುತ್ತವೆ. ಅವನು ಮುನಿಗಳನ್ನು ಪೀಡಿಸಿದನು, ಹತನಾದನು, ನೆಲವು ಪಾವನವಾಯಿತು. ವಿದ್ಯಾವಂತರು ಇವನ್ನು ಅಡುಗೂಲಜ್ಜಿಯ ಕಥೆಗಳೆಂದು ಬದಿಗಿಡುವುದು ವಾಡಿಕೆ. ಆದರೆ ಈ ಐತಿಹ್ಯಗಳನ್ನು ಮಹಾಭಾರತದ ಪಕ್ಕದಲ್ಲಿಟ್ಟು ಓದಿದರೆ, ಗ್ರಂಥವು ಹೇಳದ ಮಾತೊಂದನ್ನು ನೆಲವು ಹೇಳುತ್ತಿರುವುದು ಗೋಚರವಾಗುತ್ತದೆ.

ಬಾದಾಮಿಯನ್ನೇ ತೆಗೆದುಕೊಳ್ಳಬಹುದು. ಅದರ ಪ್ರಾಚೀನ ನಾಮ ವಾತಾಪಿ. ಒಂದನೆಯ ಪುಲಕೇಶಿಯು ಶಕವರ್ಷ 465ರಲ್ಲಿ, ಎಂದರೆ ಕ್ರಿ. ಶ. 543ರಲ್ಲಿ, ಈ ಬೆಟ್ಟವನ್ನು ದುರ್ಗವನ್ನಾಗಿ ಮಾಡಿದನೆಂದು ಅಲ್ಲಿಯ ಬಂಡೆಯ ಶಾಸನವು ಸಾರುತ್ತದೆ. ವಾತಾಪಿಯೆಂಬ ದೈತ್ಯನ ಕಥೆ ಮಹಾಭಾರತದ ವನಪರ್ವದಲ್ಲಿದೆ. ಅಣ್ಣನಾದ ಇಲ್ವಲನು ತಮ್ಮನನ್ನು ಆಡಾಗಿ ಮಾರ್ಪಡಿಸಿ, ಅಡುಗೆ ಮಾಡಿ ಅತಿಥಿಗಳಿಗೆ ಬಡಿಸಿ, ಊಟವಾದ ಮೇಲೆ ಅವನನ್ನು ಕೂಗಿ ಕರೆಯುವನು; ವಾತಾಪಿಯು ಉಂಡವರ ಒಡಲನ್ನು ಸೀಳಿಕೊಂಡು ಹೊರಬರುವನು. ಅಗಸ್ತ್ಯರು ಮಾತ್ರ ಅವನನ್ನು ಜೀರ್ಣಿಸಿಕೊಂಡರು. ಹಾಲುಣಿಸಿದ ಕೂಸಿನ ಹೊಟ್ಟೆಯನ್ನು ಸವರುತ್ತ ‘ವಾತಾಪಿ ಜೀರ್ಣೋಭವ’ ಎನ್ನುವ ರೂಢಿ ಈ ಕಥೆಯಿಂದಲೇ ಬಂದುದು.

ಆದರೆ ವ್ಯಾಸಭಾರತವು ಇಲ್ವಲನ ಪಟ್ಟಣವನ್ನು ಮಣಿಮತಿಯೆಂದು ಕರೆಯುತ್ತದೆ. ಬಾದಾಮಿಯ ಸುಳಿವೇ ಅಲ್ಲಿಲ್ಲ. ಕಥೆಯನ್ನು ಈ ಕೆಂಗಲ್ಲಿನ ಬೆಟ್ಟಗಳಿಗೆ ತಂದು ಕಟ್ಟಿದುದು ಊರಿನ ಹೆಸರು. ಎದುರುಬದುರಾದ ಎರಡು ಬೆಟ್ಟಗಳೇ ಅಣ್ಣತಮ್ಮಂದಿರೆಂದು ಹೇಳುವುದುಂಟು. ನಡುವಣ ಕೆರೆ ಅಗಸ್ತ್ಯತೀರ್ಥವೆನಿಸಿತು. ಆ ಕೆರೆಯ ದಡದಲ್ಲಿ ನಿಂತಿರುವ ದೇವಾಲಯವು ಭೂತನಾಥನದು. ರಕ್ಕಸನ ಹೆಸರಿನ ಊರಿನಲ್ಲಿ ಭೂತಗಣಗಳ ಒಡೆಯನಿಗೆ ಗುಡಿ! ಚಾಲುಕ್ಯರಿಗಂತೂ ಈ ಹೆಸರು ಅಳುಕನ್ನುಂಟುಮಾಡಲಿಲ್ಲ. ಕ್ರಿ. ಶ. 642ರ ಸುಮಾರಿಗೆ ಊರನ್ನು ಗೆದ್ದ ಪಲ್ಲವ ನರಸಿಂಹವರ್ಮನು ‘ವಾತಾಪಿಕೊಂಡ’ನೆಂಬ ಬಿರುದನ್ನು ಧರಿಸಿದನು, ಹೆಸರು ಬಿರುದಿಗೆ ತಕ್ಕಷ್ಟು ಘನವಾಗಿತ್ತು. ಐಹೊಳೆಯನ್ನು ಇಲ್ವಲನೊಡನೆ ಜೋಡಿಸುವವರೂ ಇದ್ದಾರೆ. ಶಾಸನಗಳ ‘ಅಯ್ಯಾವೊಳೆ’ಯನ್ನು ಬಲ್ಲವರು ಇದನ್ನು ಒಪ್ಪಲಾರರು. ಅದಿರಲಿ.

ಇನ್ನೂ ಸೋಜಿಗದ ನಿದರ್ಶನ ಚಿತ್ರದುರ್ಗದ್ದು. ಆದಿಪರ್ವದಲ್ಲಿ ಭೀಮನು ನರಭಕ್ಷಕನಾದ ಹಿಡಿಂಬನನ್ನು ಕೊಂದು, ಅವನ ತಂಗಿಯನ್ನು ವರಿಸುತ್ತಾನೆ, ಘಟೋತ್ಕಚನು ಜನಿಸುತ್ತಾನೆ. ಅಲ್ಲಿಗೆ ಹಿಡಿಂಬನ ಕಥೆ ಮುಗಿಯಿತು. ದುರ್ಗದ ಬೆಟ್ಟದಲ್ಲಿ ಅದು ಮುಗಿಯುವುದಿಲ್ಲ. ಕೋಟೆಯೊಳಗಿನ ಪ್ರಾಚೀನ ಗುಡಿಯ ಶಿವನಿಗೆ ಹಿಡಿಂಬೇಶ್ವರನೆಂದೇ ಹೆಸರು. ದೊಡ್ಡದೊಂದು ಎಲುಬನ್ನು ರಕ್ಕಸನ ಹಲ್ಲೆಂದೂ, ಕಬ್ಬಿಣದ ತಗಡುಗಳ ಉರುಳೆಯೊಂದನ್ನು ಭೀಮನ ಭೇರಿಯೆಂದೂ ಅಲ್ಲಿ ತೋರಿಸುತ್ತ ಬಂದಿದ್ದಾರೆ. ಕೊಂದವನ ವಾದ್ಯ, ಸತ್ತವನ ಹಲ್ಲು ಎರಡೂ ಒಂದೇ ಸೂರಿನ ಕೆಳಗೆ! ಲಿಂಗಕ್ಕೆ ಹೆಸರು ಮಾತ್ರ ಸತ್ತವನದು. ಮೂಳೆ ಯಾವ ಪ್ರಾಣಿಯದೆಂಬುದು ಜೀವವಿಜ್ಞಾನಿಗಳ ವಿಷಯ. ಹತನಾದವನ ಹೆಸರನ್ನು ಈಶ್ವರನಿಗಿಟ್ಟು ನಿತ್ಯವೂ ಸ್ಮರಿಸುವ ಮನಸ್ಸು ಯಾವ ಬಗೆಯದೆಂಬುದು ಸಾಹಿತ್ಯಾಭ್ಯಾಸಿಯ ವಿಷಯ.

ಕೈವಾರದ ಜನರು ತಮ್ಮೂರನ್ನೇ ಏಕಚಕ್ರಪುರವೆನ್ನುತ್ತಾರೆ. ಬಕಾಸುರನು ಬಿದ್ದುದು ಅಲ್ಲಿಯ ಬೆಟ್ಟದಲ್ಲಂತೆ. ಊರಿನ ಲಿಂಗವು ಭೀಮನಿಂದ ಪ್ರತಿಷ್ಠಿತವಾದುದೆಂಬ ಪ್ರತೀತಿಯೂ ಉಂಟು. ಬಂಗಾಳದ ಬೀರಭೂಮಿ ಜಿಲ್ಲೆಯ ಏಕಚಕ್ರ ಗ್ರಾಮದವರದೂ ಇದೇ ಅಭಿಮಾನ. ಎರಡರಲ್ಲಿ ಯಾವುದು ದಿಟವೆಂದು ಜಗಳಾಡಿ ಫಲವಿಲ್ಲ.

ಶರಣರ ಪರಂಪರೆಯಲ್ಲಿ ನಡೆಯುವ ಶಾಲೆಯ ಸಂಚಿಕೆಯಲ್ಲಿ ರಕ್ಕಸರ ಮಾತೇಕೆಂದು ಕೇಳುವವರಿರಬಹುದು. ಶರಣರು ಬಿಡಿಸಹೊರಟದ್ದು ಕ್ಷುದ್ರದೈವಗಳ ಭಯವನ್ನು. ಹರಕೆ, ಬಲಿಗಳ ಹೆಸರಿನಲ್ಲಿ ಬಡವನ ಗಂಟನ್ನು ಕರಗಿಸುವ ಅಂಜಿಕೆಯನ್ನು. ಹಿಡಿಂಬೇಶ್ವರನೆಂಬ ಹೆಸರಿನಲ್ಲಿ ಆ ಅಂಜಿಕೆಯಿಲ್ಲ; ಅಂಜಿಸುತ್ತಿದ್ದವನೇ ಶಿವನ ಆಶ್ರಯ ಪಡೆದ ನೆಮ್ಮದಿಯಿದೆ.

ವಿಷಾದದ ಸಂಗತಿಯೆಂದರೆ, ಹೊಸದಾಗಿ ಅಚ್ಚಾಗುವ ಎಷ್ಟೋ ಸ್ಥಳಮಾಹಾತ್ಮ್ಯಗಳು ಊರಿನ ಹಿರಿಯರನ್ನು ಕೇಳುವ ಶ್ರಮವನ್ನೇ ತೆಗೆದುಕೊಳ್ಳುವುದಿಲ್ಲ. ಭಾರತದ ಕಥೆಯನ್ನು ಎತ್ತಿ ಬರೆದು, ಊರಿನ ಹೆಸರನ್ನು ತುರುಕಿ ಮುಗಿಸುತ್ತವೆ. ಬೆಟ್ಟಗಳು ಅಣ್ಣತಮ್ಮಂದಿರೆಂಬ ಮಾತಾಗಲಿ, ಹಲ್ಲಾಗಲಿ, ಭೇರಿಯಾಗಲಿ ಭಾರತದಲ್ಲಿಲ್ಲವಾದ್ದರಿಂದ ಇಂಥ ಪುಸ್ತಕಗಳಲ್ಲಿ ಮೊದಲು ಬಿಟ್ಟುಹೋಗುವುವು ಅವೇ. ಪುಸ್ತಕವನ್ನು ಓದಿದ ಮಗನು ಅಜ್ಜಿಯ ಕಥೆಯನ್ನು ತಪ್ಪೆಂದು ತಿದ್ದುತ್ತಾನೆ, ಅಜ್ಜಿ ಸುಮ್ಮನಾಗುತ್ತಾಳೆ. ರಜೆಗೆ ಊರಿಗೆ ತೆರಳುವ ವಿದ್ಯಾರ್ಥಿಗಳು ಅವಳ ಮಾತನ್ನು ಅವಳ ನುಡಿಯಲ್ಲಿಯೇ, ತಿದ್ದದೆ ಬರೆದುಕೊಂಡು ಬರುವಂತೆ ಕನ್ನಡದ ಅಧ್ಯಾಪಕರು ಹೇಳಬಹುದು. ಅದಕ್ಕೆ ಒಂದು ನೋಟುಪುಸ್ತಕ ಸಾಕು.