ಪೋಕರ್ ಆಟವೂ ಒಂದು ಮನವಿಪತ್ರವೂ

ಈಚೆಗೆ ಒಂದು ಸಂಜೆ ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ ಹಣ್ಣುಕಾಯಿ ಕೊಳ್ಳುತ್ತಿದ್ದಾಗ, ಹಿಂದೆ ನನ್ನಲ್ಲಿ ಓದಿದ ತರುಣನೊಬ್ಬನು ಎದುರಾಗಿ, ಮಡಿಚಿದ ಕಾಗದವೊಂದನ್ನು ನನ್ನ ಕೈಗಿತ್ತು, “ಮೇಷ್ಟ್ರೇ, ಇದರ ಕನ್ನಡವನ್ನು ಸ್ವಲ್ಪ ತಿದ್ದಿಕೊಡಿ” ಎಂದನು. ಅವನು ಅಲ್ಲಿಯೇ ಬಟ್ಟೆಯಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಕಾಗದವು ಶಾಸಕರಿಗೆ ಬರೆದ ಮನವಿ. ಮೊಬೈಲಿನಲ್ಲಿ ಹಣವಿಟ್ಟು ಆಡುವ ಪೋಕರ್ ಆಟವನ್ನು ನಿಷೇಧಿಸಿದ ಕಾಯಿದೆಯನ್ನು ತೆಗೆದುಹಾಕಿಸಬೇಕೆಂಬುದು ಅದರ ಪ್ರಾರ್ಥನೆ. ಇಸ್ಪೀಟಿನ ಎಲೆಯನ್ನು ಕೈಯಿಂದ ಮುಟ್ಟದ ನನ್ನ ಬಳಿಗೆ ಇಂತಹ ಪತ್ರವು ಬಂದುದಕ್ಕೆ ನಗು ಬಂದಿತಾದರೂ, ಶಿಷ್ಯನ ಬರವಣಿಗೆಯೆಂದು ಮನೆಗೆ ತಂದು ಓದಿದೆನು.

ಮೊದಲ ತಪ್ಪು ವ್ಯಾಕರಣದ್ದಲ್ಲ, ವಿಳಾಸದ್ದು. ಈಗಿನ ನಿಷೇಧವು ಕೇಂದ್ರದ 2025ರ ಕಾಯಿದೆಯಿಂದ ಬಂದುದು. ಅದು ಆ ವರ್ಷದ ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಂಡಿತವಾಗಿ ಅಂದೇ ಅಂಗೀಕಾರವಾಯಿತು. 21ರಂದು ರಾಜ್ಯಸಭೆಯು ಒಪ್ಪಿತು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಒಂದು ತರಗತಿಯ ಪ್ರಬಂಧಗಳನ್ನು ತಿದ್ದುವುದಕ್ಕೆ ನಾನು ಇದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತಿದ್ದೆನು. ಆಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಗಳವರೆಗೆ ದಂಡ, ಆಡುವವನಿಗೆ ಶಿಕ್ಷೆಯಿಲ್ಲ. ಆದುದರಿಂದ ಮನವಿಯು ಮೊದಲು ಹೋಗಬೇಕಾದುದು ಲೋಕಸಭಾ ಸದಸ್ಯರಿಗೆ. ಹಾಗೆಂದು ಶಾಸಕರನ್ನು ಬಿಡುವಂತೆಯೂ ಇಲ್ಲ. ಪಣ ಮತ್ತು ಜೂಜು ಎಂಬುದು ಸಂವಿಧಾನದ ರಾಜ್ಯಪಟ್ಟಿಯಲ್ಲಿ 34ನೆಯ ವಿಷಯವಾಗಿರುವುದರಿಂದ, ಕೇಂದ್ರಕ್ಕೆ ಈ ಅಧಿಕಾರವುಂಟೇ ಎಂದು ರಾಜ್ಯವು ಕೇಳಬಹುದು. ನಮ್ಮ ರಾಜ್ಯದ ಮಂತ್ರಿ ಪ್ರಿಯಾಂಕ್ ಖರ್ಗೆಯವರು ಈ ಕಾಯಿದೆಯನ್ನು ಬಹಿರಂಗವಾಗಿಯೇ ಆಕ್ಷೇಪಿಸಿದ್ದರು.

ಆದರೆ ಕರ್ನಾಟಕವೇ ಹಿಂದೆ ಇಂತಹ ಕಾಯಿದೆಯನ್ನು ಮಾಡಿದ್ದಿತೆಂಬುದನ್ನು ಮರೆಯಬಾರದು. 1963ರ ಪೊಲೀಸ್ ಕಾಯಿದೆಯನ್ನು ತಿದ್ದಿ, ಕೌಶಲದ ಆಟಕ್ಕೆ ಹಣವಿಟ್ಟರೂ ಅಪರಾಧವೆಂಬ ನಿಯಮವು 2021ರ ಅಕ್ಟೋಬರ್ 5ರಿಂದ ಜಾರಿಗೆ ಬಂದಿತು. ಕುದುರೆಯ ಜೂಜಿಗೆ ವಿನಾಯಿತಿ! ಆಟದ ಸಂಸ್ಥೆಗಳು ಹೈಕೋರ್ಟಿಗೆ ಹೋದುವು. 2022ರ ಫೆಬ್ರವರಿ 14ರಂದು ನ್ಯಾಯಪೀಠವು ಆ ನಿಯಮಗಳನ್ನು ರದ್ದುಪಡಿಸಿತು. ಸಂವಿಧಾನಕ್ಕೆ ಒಪ್ಪುವ ಬೇರೆ ಕಾಯಿದೆಯನ್ನು ಮಾಡುವುದಕ್ಕೆ ಅಡ್ಡಿಯಿಲ್ಲವೆಂದೂ ಹೇಳಿತು. ಆಟದವರ ಬಲವೆಲ್ಲ ಇದೇ ವಾದದಲ್ಲಿ: ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1968ರಲ್ಲಿಯೇ ಹೇಳಿತ್ತು, ಪೋಕರಿನ ವಿಷಯದಲ್ಲಿ ಮಾತ್ರ ನಮ್ಮ ಹೈಕೋರ್ಟು 2013ರಲ್ಲಿ ಒಂದು ರೀತಿ, ಗುಜರಾತಿನ ಹೈಕೋರ್ಟು 2017ರಲ್ಲಿ ಇನ್ನೊಂದು ರೀತಿ ಹೇಳಿದುವು.

ಮರುದಿನ ಸಂಜೆ ಹುಡುಗನನ್ನು ಕಂಡು ಇದನ್ನು ಹೇಳಲು, ಅವನು ಉತ್ಸಾಹದಿಂದ ಆಟವನ್ನೇ ವಿವರಿಸತೊಡಗಿದನು. ಪ್ರತಿಯೊಬ್ಬನಿಗೂ ಎರಡೆರಡು ಎಲೆ ಮುಚ್ಚಿ ಕೊಡುವರು. ನಡುವೆ ಐದು ಎಲೆಗಳನ್ನು ಕ್ರಮವಾಗಿ ತೆರೆಯುವರು. ಎಲೆ ಕೆಟ್ಟದ್ದಾದರೆ ಬಿಟ್ಟುಬಿಡುವುದು, ಪಣವಿಡುವ ರೀತಿಯಿಂದ ಎದುರಾಳಿಯ ಕೈಯನ್ನು ಊಹಿಸುವುದು: “ಇದು ಅದೃಷ್ಟವಲ್ಲ ಮೇಷ್ಟ್ರೇ, ಲೆಕ್ಕ!”

ನನಗೆ ನಳೋಪಾಖ್ಯಾನವು ನೆನಪಾಯಿತು. ಪುಷ್ಕರನೊಡನೆ ಆಡಿ ರಾಜ್ಯವನ್ನು ಕಳೆದುಕೊಂಡ ನಳನು, ಋತುಪರ್ಣನಿಂದ ಅಕ್ಷಹೃದಯವೆಂಬ ವಿದ್ಯೆಯನ್ನು ಕಲಿತ ಮೇಲೆ ಅದೇ ಪುಷ್ಕರನನ್ನು ಗೆದ್ದನು. ಹಾಗಾದರೆ ದ್ಯೂತದಲ್ಲಿಯೂ ಕೌಶಲವುಂಟೆಂದು ವ್ಯಾಸರೇ ಸಾಕ್ಷಿ. ಆದರೆ ನಳನು ಆ ವಿದ್ಯೆಯನ್ನು ಕಲಿಯುವುದರೊಳಗಾಗಿ ದಮಯಂತಿಯು ಕಾಡಿನಲ್ಲಿ ಅರ್ಧ ಸೀರೆಯಲ್ಲಿ ಒಂಟಿಯಾಗಿ ಉಳಿದಿದ್ದಳಷ್ಟೆ! ಗೃಹಸ್ಥರಾದ ವಾಚಕ ಮಹಾಶಯರಿಗೆ ಕಾಣುವುದು ಆ ಅರ್ಧ ಸೀರೆಯೇ ಹೊರತು ಅಕ್ಷಹೃದಯವಲ್ಲ. ಹುಡುಗನ ಮನವಿಯಲ್ಲಿ ದಮಯಂತಿಗೆ ಒಂದು ಸಾಲಿನ ಸ್ಥಳವೂ ಇರಲಿಲ್ಲ. ಸುಮಾರು 45 ಕೋಟಿ ಜನರು ವರ್ಷಕ್ಕೆ 20,000 ಕೋಟಿ ರೂಪಾಯಿಗಳನ್ನು ಹಣದ ಆಟಗಳಲ್ಲಿ ಕಳೆಯುತ್ತಾರೆಂಬುದು ಆಗ ವರದಿಯಾದ ಸರಕಾರದ ಅಂದಾಜು. ಅದನ್ನು ಅಲ್ಲಗಳೆಯುವುದಾದರೆ ಅಲ್ಲಗಳೆಯಲಿ. ಕಾಣದಂತೆ ನಟಿಸಿದರೆ ಯಾವ ಸದಸ್ಯರು ಕೇಳುವರು?

ನಮ್ಮ ಪ್ರಾಚೀನರಲ್ಲಿಯೂ ಇದರ ಬಗೆಗೆ ಒಮ್ಮತವಿರಲಿಲ್ಲ. ಮನುವು ರಾಜನು ದ್ಯೂತವನ್ನು ಪೂರ್ತಿ ನಿಲ್ಲಿಸಬೇಕೆನ್ನುವನು. ಯಾಜ್ಞವಲ್ಕ್ಯನು ಮೇಲ್ವಿಚಾರಣೆಯಲ್ಲಿ ಆಡಲು ಬಿಡುವನು. ಕೌಟಿಲ್ಯನಂತೂ ದ್ಯೂತಾಧ್ಯಕ್ಷನನ್ನು ನೇಮಿಸಿ, ಒಂದೇ ಸ್ಥಳದಲ್ಲಿ ಆಡಿಸಿ, ಗೆದ್ದುದರಲ್ಲಿ ನೂರಕ್ಕೆ ಐದನ್ನು ತೆಗೆದುಕೊಂಡು, ಬೇರೆಡೆಯಲ್ಲಿ ಆಡಿದವನಿಗೆ ಹನ್ನೆರಡು ಪಣ ದಂಡ ಹಾಕುವನು. ನನಗೆ ಈ ಮೂರನೆಯವನ ದಾರಿಯೇ ವ್ಯವಹಾರಕ್ಕೆ ಹತ್ತಿರವೆಂದು ತೋರುತ್ತದೆ.

ಅಮೆರಿಕದಲ್ಲಿ 2006ರಲ್ಲಿ ಅಂತರಜಾಲದ ಅಕ್ರಮ ಜೂಜಿನ ಹಣವನ್ನು ಬ್ಯಾಂಕುಗಳು ಸಾಗಿಸಬಾರದೆಂಬ ಕಾಯಿದೆಯಾದಾಗ, ಪೋಕರ್ ಆಟಗಾರರದೇ ಒಂದು ಸಂಘವು ಅದನ್ನು ಎದುರಿಸಿತು. ಮಾಜಿ ಸೆನೆಟರ್ ಆಲ್ಫೋನ್ಸ್ ಡಿ'ಅಮಾಟೊ ಅದರ ಅಧ್ಯಕ್ಷರಾಗಿದ್ದರು. ಹತ್ತು ಲಕ್ಷಕ್ಕೂ ಮಿಕ್ಕ ಸದಸ್ಯರುಂಟೆಂದು ಅದು ಹೇಳಿಕೊಂಡಿತು. ಸದಸ್ಯರು ತಮ್ಮ ತಮ್ಮ ಪ್ರತಿನಿಧಿಗಳಿಗೆ ಬರೆದರು. ಆ ಕಾಯಿದೆಯು ಹಿಂದೆ ಹೋಗಲಿಲ್ಲ. ಆದರೆ 2013ರಲ್ಲಿ ನೆವಾಡ, ಡೆಲವೇರ್, ನ್ಯೂಜೆರ್ಸಿ ರಾಜ್ಯಗಳಲ್ಲಿ ಪರವಾನಗಿಯ ಅಂತರಜಾಲ ಪೋಕರ್ ಆರಂಭವಾಯಿತು. ನಮ್ಮಲ್ಲಿ 2025ರಲ್ಲಿ ಗೃಹಮಂತ್ರಿಗಳಿಗೆ ಪತ್ರ ಬರೆದುದು ಆಟದ ಉದ್ಯಮದ ಮೂರು ಒಕ್ಕೂಟಗಳು. ಕೋರ್ಟಿಗೆ ಹೋದುವೂ ಕಂಪೆನಿಗಳೇ. ಬೆಂಗಳೂರು ಮೊದಲಾದ ಹೈಕೋರ್ಟುಗಳಲ್ಲಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟು ಸೆಪ್ಟೆಂಬರ್ 8ರಂದು ತನ್ನಲ್ಲಿಗೇ ವರ್ಗಾಯಿಸಿಕೊಂಡಿತು. ಆಡುವವನು ಎಲ್ಲಿದ್ದನು? ಕಂಪೆನಿಯ ವಕೀಲರು ಲಾಭಕ್ಕಾಗಿ ವಾದಿಸುವರೆಂದು ಜನರು ತಿಳಿಯುವುದು ಸಹಜ. ಒಬ್ಬ ಗುಮಾಸ್ತನು ತನ್ನ ಸಂಬಳದಲ್ಲಿ ಇಷ್ಟನ್ನು ಮಾತ್ರ ಆಟಕ್ಕಿಡುವೆನೆಂದು ಹೇಳಿ, ತಿಂಗಳಿಗೆ ಹಣದ ಮಿತಿ, ವಯಸ್ಸಿನ ಪರೀಕ್ಷೆ, ಮನೆಯವರು ಕೇಳಿದರೆ ಖಾತೆಯನ್ನು ನಿಲ್ಲಿಸುವ ಏರ್ಪಾಡು ಇವನ್ನು ತಾನಾಗಿಯೇ ಬೇಡಿದರೆ, ಆ ಮಾತಿಗೆ ಬೇರೆಯೇ ತೂಕ.

ಇದನ್ನೆಲ್ಲ ಹೇಳಿ, ಕಾಗದದ ಕೊನೆಯನ್ನು ತೋರಿಸಿದೆನು. ಅಲ್ಲಿ ‘ಇತಿ, ಸಾರ್ವಜನಿಕರು’ ಎಂದಿತ್ತು.

“ಸಾರ್ವಜನಿಕರೆಂದರೆ ಯಾರಪ್ಪ? ನಿನ್ನ ಹೆಸರು ಹಾಕು.”

ಅವನು ರಸ್ತೆಯಾಚೆ ನೋಡಿದನು. “ಅಪ್ಪ ಎದುರಂಗಡಿಯಲ್ಲೇ ಕೂತಿರುತ್ತಾರೆ ಮೇಷ್ಟ್ರೇ. ನಾನು ಆಡ್ತಿದ್ದೆ ಅಂತ ಅವರಿಗೆ ಗೊತ್ತಿಲ್ಲ.”

“ಕಳೆದುಕೊಂಡದ್ದೆಷ್ಟು?” ಎಂದೆನು. ಅದಕ್ಕೆ ಅವನು ಉತ್ತರ ಕೊಡಲಿಲ್ಲ. ಭಾನುವಾರ ಮನೆಗೆ ಬರುವೆನೆಂದು ಹೇಳಿ ಹೋದನು. ಮನವಿಯನ್ನು ತಿದ್ದಿ ಇಟ್ಟಿದ್ದೇನೆ. ಎರಡು ಭಾನುವಾರಗಳು ಕಳೆದಿವೆ. ಸಹಿಯ ಸ್ಥಳವು ಖಾಲಿಯಾಗಿದೆ.