ಹವಳಕ್ಕೆ ರೋಗ ಬಂತೆಂದು ಬಿಸಿನೀರು ಹೊಯ್ಯದಿರಿ

ಪುಣೆ: ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ನಲ್ಲಿ ಬೆಳಗಿನ ಜಾವ ಈರುಳ್ಳಿ ಚೀಲ ಬಿಚ್ಚುವವರಿಗೆ ಒಂದು ಕೊಳೆತ ಗಡ್ಡೆ ಇಡೀ ಚೀಲವನ್ನು ಏನು ಮಾಡುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ವಾಸನೆ ಬಂದೊಡನೆ ಕೈ ತಾನಾಗಿಯೇ ಒಳಗೆ ಹೋಗಿ ಅದನ್ನು ಹೊರಗೆಸೆಯುತ್ತದೆ. ಇದೇ ಪರಿಸರದಲ್ಲಿ ನೆಲೆಸಿರುವ ವಿಜಯಪುರ ಕಡೆಯ ಕನ್ನಡಿಗ ವ್ಯಾಪಾರಿಯೊಬ್ಬರು, ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಹವಳ ಕೊಳೆಯತೊಡಗಿದಾಗ ಹಾಗೆಯೇ ಕೈ ಹಾಕಿದರು. ರೋಗಿಷ್ಠ ಹವಳವನ್ನು ಬೇರ್ಪಡಿಸಲು ಹೊರಟದ್ದು ಸರಿಯೇ, ಬರಿಗೈ ಹಾಕಿದ್ದು ಮಾತ್ರ ತಪ್ಪು. ಅದಕ್ಕಿಂತ ದೊಡ್ಡ ತಪ್ಪೊಂದು ಸ್ವಲ್ಪದರಲ್ಲೇ ತಪ್ಪಿತು. "ಕುದಿಯೋ ನೀರ್ ಹಾಕಿ ಬ್ರಶ್‌ಲೇ ತಿಕ್ಕಪ್ಪಾ, ಎಲ್ಲಾ ಹೋಗ್ತೈತಿ" ಎಂದು ತಾಯಿ ಒಲೆಯ ಮೇಲೆ ನೀರಿಟ್ಟೂ ಆಗಿತ್ತು.

ಅಡುಗೆಮನೆಯ ಯಾವ ಪಾತ್ರೆಗಾದರೂ ಒಳ್ಳೆಯ ಸಲಹೆಯೇ. ಆದರೆ ತೊಟ್ಟಿಯ ಕಲ್ಲಿಗೆ ಅಂಟಿಕೊಂಡಿದ್ದುದು ಗುಂಡಿಯಾಕಾರದ ಝೊವಾಂತಿಡ್ ಜಾತಿಯ ಹವಳ. ಈ ಬಳಗದ ಕೆಲವು ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ವಿಷವಿರುತ್ತದೆ. ಹವಾಯಿ ದ್ವೀಪದ ಇಂಥದೇ ಜೀವಿಯಿಂದ ವಿಜ್ಞಾನಿಗಳು 1971ರಲ್ಲಿ ಪ್ರತ್ಯೇಕಿಸಿದ ಈ ವಿಷ ಜಗತ್ತಿನ ಅತಿ ಪ್ರಬಲ ವಿಷಗಳ ಸಾಲಿಗೆ ಸೇರುತ್ತದೆ. ಕುದಿಸಿದರೆ ನಾಶವಾಗುವುದಿಲ್ಲ, ಬದಲಾಗಿ ಆವಿಯ ಹನಿಗಳ ಜೊತೆ ಉಸಿರಿನೊಳಗೆ ಹೋಗುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಸ್ಟೀವೆಂಟನ್ ಎಂಬ ಊರಿನಲ್ಲಿ ಮನೆಯ ಹವಳದ ತೊಟ್ಟಿ ಸ್ವಚ್ಛಗೊಳಿಸುವಾಗ ಇದೇ ವಿಷ ಹರಡಿ, ಮನೆಯವರೂ ನೆರವಿಗೆ ಬಂದ ಅಗ್ನಿಶಾಮಕ ಸಿಬ್ಬಂದಿಯೂ ಆಸ್ಪತ್ರೆ ಸೇರಬೇಕಾಯಿತು.

ಆದ್ದರಿಂದ ಹವಳ ಮುಟ್ಟುವ ಮೊದಲು ಕೈಗವಸು, ಕಣ್ಣಿಗೆ ಕನ್ನಡಕ. ಕೈಯಲ್ಲಿ ಗಾಯವಿದ್ದರೆ ಆ ಕೆಲಸವೇ ಬೇಡ. ಮಕ್ಕಳು, ಸಾಕುಪ್ರಾಣಿಗಳು ಕೋಣೆಯ ಹೊರಗಿರಲಿ. ಬಾಯಲ್ಲಿ ಲೋಹದ ರುಚಿ, ಕೆಮ್ಮು, ಜ್ವರ, ಉಸಿರಾಟದ ತೊಂದರೆ, ಕಣ್ಣುರಿ ಕಾಣಿಸಿಕೊಂಡರೆ ಎಲ್ಲರೂ ತಕ್ಷಣ ಹೊರಬಂದು ಆಸ್ಪತ್ರೆಗೆ ಹೋಗಬೇಕು. "ಹವಳದ ವಿಷ, ಪಾಲಿಟಾಕ್ಸಿನ್" ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರು ಇದನ್ನು ಫ್ಲೂ ಜ್ವರವೆಂದೇ ತಿಳಿದಾರು. ಈ ವಿಷಕ್ಕೆ ಪ್ರತಿಮದ್ದು ಇಲ್ಲ, ಲಕ್ಷಣಗಳಿಗೆ ತಕ್ಕ ಚಿಕಿತ್ಸೆಯಷ್ಟೇ.

ಇನ್ನು ರೋಗದ ವಿಚಾರ. ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದು ಪ್ರಾಣಿ. ಹೆಚ್ಚಿನ ಹವಳಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸಿ ಅವಕ್ಕೆ ಅನ್ನ ಒದಗಿಸುತ್ತದೆ. ನೀರು ಬಿಸಿಯಾದರೆ ಆ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಮಾತ್ರಕ್ಕೆ ಅದು ಸತ್ತಿತೆಂದಲ್ಲ. ಲೆದರ್ ಹವಳ ಎಂಬ ಚರ್ಮದಂಥ ಜಾತಿಯಂತೂ ಆಗಾಗ ಮುದುಡಿ, ಮೇಣದಂಥ ಪೊರೆ ಕಳಚಿ, ಕೆಲವು ದಿನಗಳ ನಂತರ ಮತ್ತೆ ಅರಳುತ್ತದೆ. ಹೊಸಬರು ಇದನ್ನು ರೋಗವೆಂದು ತಿಳಿದು ಔಷಧ ಸುರಿದು ಕೊಲ್ಲುವುದೇ ಹೆಚ್ಚು! ನಿಜವಾದ ಕೊಳೆರೋಗಕ್ಕೆ ಗುರುತು ಬೇರೆ: ಕಂದು ಲೋಳೆ, ಕೆಟ್ಟ ವಾಸನೆ, ದಿನದಿಂದ ದಿನಕ್ಕೆ ಕರಗುವ ಮಾಂಸ.

ಆಗ ಲೋಳೆಯನ್ನು ನಳಿಗೆಯಿಂದ ಹೀರಿ ತೆಗೆದು, ಹವಳವನ್ನು ಅದೇ ತೊಟ್ಟಿಯ ನೀರು ತುಂಬಿದ ಬೇರೆ ಪಾತ್ರೆಗೆ ವರ್ಗಾಯಿಸಬೇಕು. ಲೆದರ್ ಹವಳವಾದರೆ ಹರಿತವಾದ ಬ್ಲೇಡಿನಿಂದ ಕೊಳೆತ ಭಾಗವನ್ನೂ ಅದಕ್ಕೆ ತಾಗಿದ ಸ್ವಲ್ಪ ಒಳ್ಳೆಯ ಭಾಗವನ್ನೂ ಕತ್ತರಿಸಿ, ಹವಳಕ್ಕೆಂದೇ ಬರುವ ಅಯೋಡಿನ್ ದ್ರಾವಣದಲ್ಲಿ ಬಾಟಲಿಯ ಮೇಲೆ ಬರೆದಷ್ಟೇ ಹೊತ್ತು ಅದ್ದಿ, ತೊಳೆದು ಮರಳಿಸಬೇಕು. ಝೊವಾಂತಿಡ್ ಆದರೆ ಕತ್ತರಿಸುವ ಗೊಡವೆಗೆ ಹೋಗದೆ ಕಲ್ಲು ಸಮೇತ ಬೇರ್ಪಡಿಸುವುದೇ ಕ್ಷೇಮ. ಅದ್ದಿದ ನೀರು ಮತ್ತೆ ತೊಟ್ಟಿಗೆ ಬೀಳಬಾರದು. ಬಳಸಿದ ಸಾಮಗ್ರಿಯನ್ನು ಬ್ಲೀಚ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿಡಬೇಕು. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧವನ್ನಂತೂ ತೊಟ್ಟಿಗೆ ಹಾಕಲೇಬಾರದು, ಅದು ಹವಳಕ್ಕೆ ನಂಜು.

ಚಿಕಿತ್ಸೆಗಿಂತ ಕಾರಣ ಹುಡುಕುವುದೇ ಕಷ್ಟದ ಕೆಲಸ. ನಮ್ಮ ವ್ಯಾಪಾರಿ ಬಂಧುಗಳು ಏಪ್ರಿಲ್ ಬಿಸಿಲಿನಲ್ಲಿ ಊರ ಜಾತ್ರೆಗೆಂದು ನಾಲ್ಕು ದಿನ ಮನೆಗೆ ಬೀಗ ಹಾಕಿದ್ದರು. ಮರಳಿ ಬಂದಾಗ ತೊಟ್ಟಿಯ ನೀರು 31 ಡಿಗ್ರಿ. ಮಟ್ಟ ಇಳಿದಿದೆಯೆಂದು ಅವರು ಉಪ್ಪುನೀರನ್ನೇ ತುಂಬಿದರು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬಬೇಕಾದುದು ಆರ್‌ಓ ಸಿಹಿನೀರು. ಹವಳಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಲವಣ, 24ರಿಂದ 27 ಡಿಗ್ರಿ ಉಷ್ಣತೆ ಹಿತ. ಚಿಲ್ಲರ್ ಕೊಳ್ಳಲಾಗದವರು ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಚಿಕ್ಕ ಫ್ಯಾನ್ ಇಟ್ಟರೂ ಒಂದೆರಡು ಡಿಗ್ರಿ ಇಳಿಯುತ್ತದೆ.

ಕಾನೂನಿನ ಮಾತನ್ನೂ ಹೇಳಲೇಬೇಕು. ಕಲ್ಲು ಹವಳ, ಕರಿ ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆ ಇವೆಲ್ಲವನ್ನೂ 2001ರ ಜುಲೈಯಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಲಾಗಿದೆ. ಹುಲಿಗಿರುವ ರಕ್ಷಣೆಯೇ ಇವಕ್ಕೂ! 2022ರ ತಿದ್ದುಪಡಿಯ ನಂತರವೂ ಕಲ್ಲು ಹವಳಕ್ಕೆ ರಕ್ಷಣೆ ಮುಂದುವರಿದಿದೆ. ಅಂಗಡಿಯವನು ಕೊಟ್ಟ ಮಾತ್ರಕ್ಕೆ ಅದು ನಮ್ಮದಾಗದು, ಸತ್ತ ಮೇಲೆ ಅದರ ಅಸ್ಥಿಪಂಜರವನ್ನು ಶೋಕೇಸಿನಲ್ಲಿಡುವುದೂ ಅಪರಾಧವೇ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಈಜಿ ಬಂದ ನಮ್ಮ ಕರಾವಳಿ ಬಂಧುಗಳು ನೆನಪಿಗೆಂದು ತುಂಡೊಂದನ್ನು ತಂದಿದ್ದರೆ ಅದಕ್ಕೂ ಇದೇ ಕಾನೂನು.

ಮಾರ್ಕೆಟ್ ಯಾರ್ಡ್‌ನ ಆ ತೊಟ್ಟಿಯಲ್ಲಿ ಲೆದರ್ ಹವಳ ಮೂರನೇ ವಾರ ಅರಳಿತು. ಗುಂಡಿ ಹವಳ ಅರ್ಧಕ್ಕರ್ಧ ಹೋಯಿತು. ಉಳಿದುದನ್ನು ಈಗ ಕೈಗವಸು ಹಾಕಿಯೇ ಮುಟ್ಟುತ್ತಾರೆ. ಊರಿಗೆ ಹೋಗುವಾಗ ಬೀಗದ ಕೈ ಪಕ್ಕದ ಮನೆಯವರಲ್ಲಿರುತ್ತದೆ.