ಅಕ್ವೇರಿಯಂ ಶೋಧಕದಲ್ಲಿ ಸಕ್ರಿಯ ಇಂಗಾಲ

ಸಕ್ರಿಯ ಇಂಗಾಲವು ತೆಂಗಿನ ಚಿಪ್ಪು, ಮರ ಅಥವಾ ಕಲ್ಲಿದ್ದಲಿನಿಂದ ತಯಾರಿಸಲಾಗುವ, ಸೂಕ್ಷ್ಮ ರಂಧ್ರಗಳುಳ್ಳ ಇದ್ದಿಲು. ಇದರ ಒಂದು ಗ್ರಾಂನ ಮೇಲ್ಮೈ ವಿಸ್ತೀರ್ಣ ಸಾಮಾನ್ಯವಾಗಿ 500 ಚದರ ಮೀಟರಿಗೂ ಹೆಚ್ಚು. ನೀರಿನ ಹಳದಿ ಬಣ್ಣ, ವಾಸನೆ ಹಾಗೂ ಔಷಧದ ಶೇಷಗಳು ಈ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಇದನ್ನು ಅಧಿಶೋಷಣೆ ಎನ್ನುತ್ತಾರೆ. ಕ್ಲೋರಿನ್ ಮಾತ್ರ ಇಂಗಾಲದೊಡನೆ ವರ್ತಿಸಿ ಕ್ಲೋರೈಡ್ ಆಗುತ್ತದೆ.

ಮೀನುಗಳು ವಿಸರ್ಜಿಸುವ ಅಮೋನಿಯವನ್ನು ಇದು ತೆಗೆಯುವುದಿಲ್ಲ. ಆ ಕೆಲಸ ಶೋಧಕದಲ್ಲಿ ನೆಲೆಸುವ ಬ್ಯಾಕ್ಟೀರಿಯಗಳದು. ಆದ್ದರಿಂದ ಹೊಸ ತೊಟ್ಟಿಯಲ್ಲಿ ನೀರು ತಿಳಿಯಾಗಿದ್ದರೂ ಮೀನುಗಳು ಸಾಯಬಹುದು.

ಬಳಕೆಯ ಅಗತ್ಯವು ನೀರಿನ ಮೂಲವನ್ನು ಅವಲಂಬಿಸಿದೆ. ರಾಯಚೂರು ನಗರದಲ್ಲಿ ಕ್ಲೋರಿನ್ ಬೆರೆತ ನಳದ ನೀರನ್ನು ತುಂಬುವವರಿಗೆ ಇಂಗಾಲ ನೆರವಾಗುತ್ತದೆ. ಆದರೂ ಮೀನು ಬಿಡುವ ಮೊದಲೇ ಕ್ಲೋರಿನ್ ನಿವಾರಿಸುವುದು ಕ್ಷೇಮ. ದೇವದುರ್ಗ, ಮಾನ್ವಿ ತಾಲ್ಲೂಕುಗಳ ಕೊಳವೆಬಾವಿ ನೀರಿನ ತೊಡಕು ಬೇರೆ: ಅಲ್ಲಿ ಹಲವೆಡೆ ಗಡಸುತನವೂ ಕೆಲವೆಡೆ ಫ್ಲೋರೈಡೂ ಅಧಿಕ. ಸಾಮಾನ್ಯ ಸಕ್ರಿಯ ಇಂಗಾಲವು ಗಡಸುತನವನ್ನು ಇಳಿಸದು, ಫ್ಲೋರೈಡನ್ನೂ ಹೇಳಿಕೊಳ್ಳುವಷ್ಟು ತೆಗೆಯದು. ಅಂಥ ನೀರಿಗೆ ಶುದ್ಧ ಮಳೆನೀರನ್ನು ಬೆರೆಸುವುದೇ ಇಂಗಾಲಕ್ಕಿಂತ ಉಪಯುಕ್ತ.

ಮೀನಿಗೆ ಚಿಕಿತ್ಸೆ ನೀಡುವಾಗ ಇಂಗಾಲವನ್ನು ಹೊರತೆಗೆಯಬೇಕು, ಇಲ್ಲವಾದರೆ ಔಷಧವನ್ನೇ ಅದು ಹಿಡಿದಿಡುತ್ತದೆ. ರಂಧ್ರಗಳು ತುಂಬಿದ ಇಂಗಾಲವನ್ನು ತೊಳೆದು ಮರುಬಳಸಿದರೆ ಪ್ರಯೋಜನವಿಲ್ಲ. ಕೆಲವು ವಾರಗಳಿಗೊಮ್ಮೆ ಬದಲಿಸಬೇಕಾಗುತ್ತದೆ.